ಹೊಸ ಹಾರ್ಡ್ ಡಿಸ್ಕು, ಆಯಿಯ ಬೀಸುವ ಪದ ಮತ್ತು ನನ್ನ ಅವಸರ



ಹೋದ ವಾರ ಜತ್ತ ಕಡೆಯ ಶಿಕ್ಷಕ ಮಿತ್ರರೊಬ್ಬರು ಫೋನ್ ಮಾಡಿದ್ದರು. "ಸರ್, ಶಾಲೆ ಕಂಪ್ಯೂಟರಿಗೆ ಹೊಸಾ ಹಾರ್ಡ್ ಡಿಸ್ಕ್ ಹಾಕೀವ್ರಿ. ಕೈ ಇಡಾಕ ಆಗದಷ್ಟು ಕಾಯತೈತಿ. ಚಾಲೂನೂ ಆಗವಲ್ದು. ಡಿಸ್ಕ್ ಕೆಟ್ಟೈತೇನ್ರಿ?" ಎಂದು ಕೇಳಿದರು. ನಾನು ಉತ್ತರ ಹೇಳುವ ಮೊದಲು ತಿರುಗಿ ಒಂದು ಪ್ರಶ್ನೆ ಕೇಳಿದೆ: "ಹಳೇ ಡಿಸ್ಕಿನ್ಯಾಗ ಇದ್ದದ್ದು ಬ್ಯಾರೆ ಕಡೆ ತಗದಿಟ್ಟೀರೇನ್ರಿ?" ಆ ಕಡೆ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. "ಇಲ್ರಿ, ಹೊಸಾದು ಚಾಲೂ ಆದಮ್ಯಾಲ ತಗದರಾತು ಅಂತ..." ಅಂದರು.

2009ರ ಮಾರ್ಚ್ ತಿಂಗಳಲ್ಲಿ ನಾನೂ ಇದೇ ಮಾತು ಆಡಿದ್ದೆ. ಅದರ ಬೆಲೆ ಏನು ಎನ್ನುವುದು ನನಗೆ ಗೊತ್ತು. ಫೋನಿನಲ್ಲಿ ಎಲ್ಲವನ್ನೂ ಹೇಳಲು ಆಗಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಕಂಪ್ಯೂಟರ್ ಕಲಿತವನಲ್ಲ, ಕೆಡಿಸಿ ಕಲಿತವನು. ತಜ್ಞರು ಓದಿದರೆ ನಗಬೇಡಿ!

ನಾನಿರುವುದು ಮಹಾಗಾಂವದಲ್ಲಿ. ಸಂಕೇಶ್ವರದಿಂದ ಹೊರಟು ಗಡಹಿಂಗ್ಲಜ ದಾಟಿ ಆಜರಾ ಕಡೆ ಹೋಗುವ ರಸ್ತೆಯ ಮೇಲಿನ ಊರು. ಆಗ ಕಲಿಸುತ್ತಿದ್ದುದು ಗಡಿಗೆ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ. ಶಾಲೆಗೆ ದಾನಿಯೊಬ್ಬರು ಕೊಟ್ಟ ಹಳೆಯ ಕಂಪ್ಯೂಟರ್ ಇತ್ತು. ಅದರೊಳಗೆ 40 ಜಿಬಿಯ ಹಾರ್ಡ್ ಡಿಸ್ಕು.

ಗಡಿಯಾಚೆಯ ಕನ್ನಡ ಶಾಲೆಗಳ ಕಷ್ಟ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಪಠ್ಯಪುಸ್ತಕವನ್ನು ಪುಣೆಯ ಬಾಲಭಾರತಿ ಕನ್ನಡದಲ್ಲೇ ಕೊಡುತ್ತದೆ. ಆದರೆ ಅದರಾಚೆ ಬೇಕಾದ ಅಭ್ಯಾಸದ ಹಾಳೆ, ಪ್ರಶ್ನಪತ್ರಿಕೆ, ತಕ್ತೆಗಳನ್ನು ನಾವೇ ಮಾಡಿಕೊಳ್ಳಬೇಕು. ಕರ್ನಾಟಕದ ಗೈಡು ತಂದರೆ ಪಾಠ ಹೊಂದುವುದಿಲ್ಲ, ಕೊಲ್ಹಾಪುರದ ಗೈಡು ತಂದರೆ ಭಾಷೆ ಹೊಂದುವುದಿಲ್ಲ. ಹಾಗಾಗಿ ಐದು ವರ್ಷ ರಾತ್ರಿ ಕೂತು ನುಡಿಯಲ್ಲಿ ಟೈಪ್ ಮಾಡಿದ್ದೆಲ್ಲ ಆ 40 ಜಿಬಿಯ ಒಳಗಿತ್ತು.

ಇನ್ನೂ ಎರಡು ವಸ್ತು ಅದರಲ್ಲಿದ್ದವು. ಒಂದು, ಮಕ್ಕಳು ಕೂಡಿಸಿದ ಮನೆಮಾತಿನ ಪದಗಳ ಪಟ್ಟಿ. ನಮ್ಮ ಕಡೆ ನೋಟ್‌ಬುಕ್ಕಿಗೆ ವಹಿ ಅನ್ನುತ್ತೇವೆ, ಕರಿಹಲಗೆಗೆ ಫಳಾ. ಆಯಿ ಅಂದರೆ ಮರಾಠಿಯವರಿಗೆ ತಾಯಿ, ನಮ್ಮ ಮಕ್ಕಳಿಗೆ ಅಜ್ಜಿ. ಇಂಥ ನಾಲ್ಕು ನೂರಕ್ಕೂ ಹೆಚ್ಚು ಮಾತುಗಳನ್ನು ಮಕ್ಕಳು ಮನೆಯಲ್ಲಿ ಕೇಳಿ ಬರೆದು ತಂದಿದ್ದರು.

ಎರಡನೆಯದು ಹದಿನಾಲ್ಕು ಬೀಸುವ ಪದಗಳು. 2007ರಲ್ಲಿ ನಮ್ಮ ಒಬ್ಬ ವಿದ್ಯಾರ್ಥಿಯ ಆಯಿಯನ್ನು ಶಾಲೆಗೆ ಕರೆಸಿದ್ದೆವು. ಕಂಪ್ಯೂಟರಿಗೆ ಮೈಕು ಹಚ್ಚಿ, "ಹಾಡ್ರಿ ಆಯಿ" ಅಂದರೆ ಅವರಿಗೆ ಹಾಡೇ ಬರಲಿಲ್ಲ. "ಕಲ್ಲ ಇಲ್ದ ಪದ ಹೆಂಗ ಬರ್ತಾವಪ್ಪಾ?" ಅಂದರು. ಕೊನೆಗೆ ನಾಲ್ಕು ಹುಡುಗರು ಅವರ ಮನೆಯ ಬೀಸುವ ಕಲ್ಲನ್ನೇ ಹೊತ್ತು ತಂದು ಏಳನೇ ಇಯತ್ತೆಯ ಕೋಣೆಯಲ್ಲಿ ಇಟ್ಟರು. ಒಂದು ಹಿಡಿ ಜೋಳ ಹಾಕಿ ಗೂಟ ಹಿಡಿದದ್ದೇ ತಡ, ಪದಗಳು ಒಂದರ ಹಿಂದೆ ಒಂದು ಬಂದವು. ರೆಕಾರ್ಡಿಂಗಿನಲ್ಲಿ ಹಾಡಿನ ಕೆಳಗೆ ಕಲ್ಲಿನ ಗರಗರ ಸದ್ದೂ ಇತ್ತು. ಮರುವರ್ಷ ಮಳೆಗಾಲದಲ್ಲಿ ಆಯಿ ತೀರಿಕೊಂಡರು.

ಇಷ್ಟೆಲ್ಲಕ್ಕೂ ಇದ್ದದ್ದು ಒಂದೇ ಪ್ರತಿ. ನನ್ನ ತಪ್ಪು ಶುರುವಾಗಿದ್ದು ಅಲ್ಲಿಂದ.

ಆ ಮಾರ್ಚಿನಲ್ಲಿ ಹಳೆಯ ಡಿಸ್ಕು ನಡುನಡುವೆ ಟಿಕ್ ಟಿಕ್ ಎನ್ನತೊಡಗಿತು. ಆ ವರ್ಷಗಳಲ್ಲಿ ನಮ್ಮ ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗ್ ವಿಪರೀತ. ಯುಪಿಎಸ್ಸಿನ ಬ್ಯಾಟರಿ ಎರಡು ನಿಮಿಷಕ್ಕೇ ಕೈ ಎತ್ತುತ್ತಿತ್ತು. ಕರೆಂಟು ಫಕ್ಕನೆ ಹೋದಾಗಲೆಲ್ಲ ಡಿಸ್ಕಿಗೆ ಏಟು. ವಾರ್ಷಿಕ ಪರೀಕ್ಷೆ ತಲೆಯ ಮೇಲೆ. ಶಿಕ್ಷಕರೆಲ್ಲ ಸೇರಿ ಪಟ್ಟಿ ಹಾಕಿದೆವು. ನಾನು ಒಂದು ರವಿವಾರ ಕೊಲ್ಹಾಪುರಕ್ಕೆ ಹೋಗಿ 500 ಜಿಬಿಯ ಹೊಸ ಸಾಟಾ ಡಿಸ್ಕು ತಂದೆ. ಬಸ್ಸಿನಲ್ಲಿ ಕಾಗಲ, ನಿಪ್ಪಾಣಿ ದಾಟಿ ಊರು ಮುಟ್ಟುವ ತನಕ ಅದನ್ನು ತೊಡೆಯ ಮೇಲೆ ಕೂಸಿನ ಹಾಗೆ ಇಟ್ಟುಕೊಂಡಿದ್ದೆ.

ನಮ್ಮ ಹಳೆಯ ಡಿಸ್ಕಿಗೆ ಅಗಲ ಪಟ್ಟಿಯ ಕೇಬಲ್ಲು, ಹೊಸದಕ್ಕೆ ಬೆರಳಿನಷ್ಟು ಸಣ್ಣ ಕೇಬಲ್ಲು. ಮದರ್‌ಬೋರ್ಡಿನಲ್ಲಿ ಎರಡಕ್ಕೂ ಜಾಗ ಇತ್ತು. ಕರೆಂಟಿನ ಪ್ಲಗ್ಗು ಮಾತ್ರ ಹೊಂದದ್ದರಿಂದ ಅಂಗಡಿಯವರು ಒಂದು ಕನ್ವರ್ಟರ್ ತುಂಡು ಕೊಟ್ಟಿದ್ದರು. ಹಳೆಯ ಡಿಸ್ಕಿನ ಮೇಲೆಯೇ, ಮಧ್ಯೆ ಬೆರಳು ತೂರದಷ್ಟು ಹತ್ತಿರ, ಹೊಸದನ್ನು ಕೂರಿಸಿ ಗುಂಡಿ ಒತ್ತಿದೆ.

ಕಪ್ಪು ಪರದೆ. ಅದರ ಮೇಲೆ ಒಂದು ಸಾಲು: "ಡಿಸ್ಕ್ ಬೂಟ್ ಫೇಲ್ಯೂರ್". ಮುಂದೆ ಸಿಸ್ಟಮ್ ಡಿಸ್ಕ್ ಹಾಕಿ ಎಂಟರ್ ಒತ್ತಿ ಎಂದು ಇಂಗ್ಲಿಷಿನಲ್ಲಿ ಆಜ್ಞೆ. ಒತ್ತಿದೆ. ಮತ್ತೆ ಅದೇ ಸಾಲು. ಬಂದ್ ಮಾಡಿ ಚಾಲೂ ಮಾಡಿದೆ. ಅದೇ. ಅರ್ಧ ತಾಸು ಹೀಗೇ ಗುದ್ದಾಡಿ ಒಳಗೆ ಕೈ ಹಾಕಿದರೆ ಹೊಸ ಡಿಸ್ಕು ಹಂಚಿನ ಹಾಗೆ ಕಾದಿತ್ತು! ಮೂರು ಎಣಿಸುವಷ್ಟು ಹೊತ್ತೂ ಬೆರಳು ನಿಲ್ಲಲಿಲ್ಲ.

ನಾನು ತೀರ್ಪು ಕೊಟ್ಟುಬಿಟ್ಟೆ: ಡಿಸ್ಕು ಕೆಟ್ಟಿದೆ, ಅದಕ್ಕೇ ಕಾಯುತ್ತಿದೆ, ಕಾಯುವುದರಿಂದಲೇ ಚಾಲೂ ಆಗುತ್ತಿಲ್ಲ. ಎರಡು ದೂರು, ಒಂದೇ ಕಾರಣ. ಎಷ್ಟು ಸಲೀಸು! ಮಕ್ಕಳು ವಿಜ್ಞಾನದ ಉತ್ತರಪತ್ರಿಕೆಯಲ್ಲಿ ಹೀಗೆ ಬರೆದರೆ ನಾನೇ ಅಂಕ ಕತ್ತರಿಸುತ್ತಿದ್ದೆ.

ಮರುದಿನ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕ. ಇಚಲಕರಂಜಿಯಲ್ಲಿ ಪವರ್‌ಲೂಮಿನ ಮೋಟಾರು ರಿಪೇರಿ ಮಾಡುವವನು, ಊರಿಗೆ ಬಂದಿದ್ದ. ಕಂಪ್ಯೂಟರ್ ಅವನಿಗೆ ಗೊತ್ತಿಲ್ಲ. ಆದರೆ ಕಾಯುವ ಯಂತ್ರ ಗೊತ್ತು. ಅವನು ಕೇಳಿದ ಮೊದಲ ಪ್ರಶ್ನೆಯೇ ಬೇರೆ: "ಎಷ್ಟೊತ್ತಿಗೆ ಕಾಯತೈತ್ರಿ ಗುರೂಜಿ?"

ನಾನು ಅದನ್ನು ನೋಡಿರಲೇ ಇಲ್ಲ. ಗೋಡೆ ಗಡಿಯಾರ ನೋಡುತ್ತ ಕೂತೆವು. ಅವನು ಪೆನ್ಸಿಲಿನ ಒಂದು ತುದಿಯನ್ನು ಡಿಸ್ಕಿನ ಮೈಗೆ, ಇನ್ನೊಂದನ್ನು ಕಿವಿಗೆ ಹಚ್ಚಿ "ತಿರಗಾಕತ್ತೈತಿ, ಸಪ್ಪಳಾ ಒಂದ ಸಮ ಐತಿ" ಅಂದ. ಐದು ನಿಮಿಷಕ್ಕೆ ಉಗುರುಬೆಚ್ಚಗೆ. ಹತ್ತು ನಿಮಿಷಕ್ಕೆ ಚಹಾದ ಕಪ್ಪಿನಷ್ಟು. ಇಪ್ಪತ್ತೈದು ನಿಮಿಷಕ್ಕೆ ಕೈ ಇಡಲಾಗದಷ್ಟು.

ಅವನು ಹೇಳಿದ ಮಾತು ಇಂದಿಗೂ ನನ್ನ ವಹಿಯಲ್ಲಿದೆ. ಅರ್ಧ ನಿಮಿಷದಲ್ಲಿ ಕಾದರೆ ಕರೆಂಟಿನ ದೋಷ, ಕೂಡಲೇ ತಂತಿ ಕಿತ್ತುಬಿಡಬೇಕು. ನಿಧಾನಕ್ಕೆ ಕಾದರೆ ಗಾಳಿಯ ದೋಷ, ದಾರಿ ಹುಡುಕಬೇಕು. "ಲೂಮಿನ ಮೋಟಾರು ಕಾದರ ನಾವು ಮೊದಲ ಹತ್ತಿ ಜಾಡಸ್ತೀವ್ರಿ, ಆಮ್ಯಾಲ ಮೋಟಾರು ಬಿಚ್ಚತೀವಿ."

ನಾವೂ ಜಾಡಿಸಿದೆವು. ಏನೇನು ಬಂತು ಗೊತ್ತೇ? ಸೀಮೆಸುಣ್ಣದ ಪುಡಿ ಎರಡು ಚಮಚೆಯಷ್ಟು, ಏಕೆಂದರೆ ಕಂಪ್ಯೂಟರ್ ಇಟ್ಟದ್ದು ಫಳಾದ ಕೆಳಗೆ. ಖಂಡೇನವಮಿಯ ಪೂಜೆಯ ಚೆಂಡುಹೂವಿನ ಒಣ ಎಸಳುಗಳು ಮುಂದಿನ ಜಾಳಿಗೆಯಲ್ಲಿ. ಜಾಳಿಗೆಯ ಹಿಂದಿನ ಫ್ಯಾನು ಯಾವಾಗಲೋ ನಿಂತುಹೋಗಿತ್ತು. ಹಿಂಬದಿ ಗೋಡೆಗೆ ಒತ್ತಿತ್ತು. ಮೇಲೆ ನಾವೇ ಭಕ್ತಿಯಿಂದ ಹೊದಿಸಿದ ಮಖಮಲ್ಲಿನ ಬಟ್ಟೆ. ಬೇಸಿಗೆಯಲ್ಲಿ ಕಂಬಳಿ ಹೊದ್ದು ಕೂತವನಿಗೆ ಜ್ವರ ಬಂದಿದೆ ಅಂತ ನಾನು ಡಾಕ್ಟರನ್ನು ಹುಡುಕುತ್ತಿದ್ದೆ.

ಡಿಸ್ಕು ಬಿಸಿಯಾಗುವುದು ಸಹಜ. ಅದರೊಳಗಿನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಬೀಸುವ ಕಲ್ಲಿನಿಂದ ಬಂದ ಹಿಟ್ಟು ಬೆಚ್ಚಗಿರುವುದನ್ನು ನಮ್ಮ ಮಕ್ಕಳು ಮುಟ್ಟಿ ನೋಡಿದ್ದಾರೆ. ಅಲ್ಲಿ ಕಲ್ಲಿಗೆ ಕಲ್ಲು ತಿಕ್ಕುತ್ತದೆ. ಇಲ್ಲಿ ತಟ್ಟೆಗೆ ಏನೂ ತಾಗುವುದಿಲ್ಲ, ಓದುವ ತಲೆ ಕೂದಲೆಳೆಗಿಂತ ಎಷ್ಟೋ ಸಣ್ಣ ಅಂತರದಲ್ಲಿ ಗಾಳಿಯ ಮೇಲೆ ತೇಲುತ್ತದೆ. ಬಿಸಿ ಬರುವುದು ಮೋಟಾರಿನಿಂದ, ಕೆಳಗಿನ ಹಸಿರು ಪಟ್ಟಿಯ ಚಿಪ್ಪುಗಳಿಂದ, ಗಾಳಿಯ ಎಳೆತದಿಂದ. ಆ ಬಿಸಿಯನ್ನು ಹೊರಗೆ ಒಯ್ಯಲು ಗಾಳಿ ಆಡಬೇಕು, ಅಷ್ಟೇ.

ಹೊಸ ಡಿಸ್ಕನ್ನು ಹಳೆಯದರಿಂದ ಎರಡು ಮನೆ ಕೆಳಗೆ ಇಳಿಸಿದೆವು. ಗಡಹಿಂಗ್ಲಜದಿಂದ ಹೊಸ ಫ್ಯಾನು ತರಿಸಿದೆವು. ಕ್ಯಾಬಿನೆಟ್ಟನ್ನು ಗೋಡೆಯಿಂದ ಒಂದು ಗೇಣು ಮುಂದೆ ಎಳೆದು, ಬಟ್ಟೆ ತೆಗೆದು ಮಡಚಿಟ್ಟೆವು. ಅರ್ಧ ತಾಸು ಬಿಟ್ಟು ಮುಟ್ಟಿದರೆ ಬರೀ ಬೆಚ್ಚಗೆ.

ಆದರೆ ಪರದೆಯ ಮೇಲೆ ಅದೇ ಸಾಲು. ಬೂಟ್ ಫೇಲ್ಯೂರ್.

ನನ್ನ ಸಲೀಸಾದ ತೀರ್ಪು ಅಲ್ಲಿಗೆ ಬಿದ್ದುಹೋಯಿತು. ಬಿಸಿ ಇಳಿದರೂ ಡಿಸ್ಕು ಚಾಲೂ ಆಗುವುದಿಲ್ಲ ಎಂದ ಮೇಲೆ, ಚಾಲೂ ಆಗದ್ದಕ್ಕೆ ಬಿಸಿ ಕಾರಣವಲ್ಲ. ಎರಡು ದೂರಿಗೆ ಎರಡು ಕಾರಣ. ಇಷ್ಟು ತಿಳಿಯಲು ನನಗೆ ಮೂರು ದಿನ ಬೇಕಾಯಿತು.

ಕೋಣೆ ಜಾಡಿಸಲು ಬಂದಿದ್ದ ಏಳನೇ ಇಯತ್ತೆಯ ಹುಡುಗಿಯರ ಮುಂದೆ ನಾನು ಗೊಣಗಿದೆ, "ಹೊಸಾದಂತ ತಂದರ ಇದರೊಳಗ ಏನೂ ಇಲ್ಲವಾ." ಅದರಲ್ಲಿ ಒಬ್ಬಳು ಸಹಜವಾಗಿ ಕೇಳಿದಳು: "ಹೊಸಾ ವಹ್ಯಾಗ ಪಾಠ ಬರದಿರತೈತೇನ್ರಿ ಗುರೂಜಿ?"

ಪೂರ್ತಿ ಉತ್ತರ ಅದೇ ಆಗಿತ್ತು! ಅಂದು ಸಂಜೆ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದುವ, ನಮ್ಮ ಓಣಿಯಲ್ಲಿ ಬಾಡಿಗೆಗಿದ್ದ ಹುಡುಗನೊಬ್ಬನನ್ನು ಶಾಲೆಗೆ ಕರೆದೊಯ್ದೆ. ಮರಾಠಿ ಮನೆಮಾತಿನ ಹುಡುಗ. ಅವನು ಬಿಡಿಸಿ ಹೇಳಿದ್ದು ಇಷ್ಟು. ಗುಂಡಿ ಒತ್ತಿದಾಗ ಮೊದಲು ಏಳುವುದು ಮದರ್‌ಬೋರ್ಡಿನ ಬಯೋಸ್. ಅದು ಹಾಜರಿ ಪಟ್ಟಿ ಹಿಡಿದ ಮಾಸ್ತರ ಇದ್ದ ಹಾಗೆ. ಪಟ್ಟಿಯಲ್ಲಿ ಮೊದಲಿರುವ ಡಿಸ್ಕಿನ ಮೊದಲ ಪುಟ, ಅಂದರೆ ಮೊದಲ 512 ಬೈಟ್ ತೆರೆದು, ವಿಂಡೋಸ್ ಎಲ್ಲಿದೆ ಎಂಬ ಗುರುತು ಹುಡುಕುತ್ತದೆ. ಹೊಸ ಡಿಸ್ಕು ಖಾಲಿ ವಹಿ. ಗುರುತು ಇಲ್ಲ. ಅದಕ್ಕೇ ಬೂಟ್ ಫೇಲ್ಯೂರ್. ನಾನು ಆ ಪದವನ್ನು ಡಿಸ್ಕು ನಾಪಾಸು ಎಂದು ಓದಿಕೊಂಡಿದ್ದೆ. ಅದರ ಅರ್ಥ ಓದಲು ಏನೂ ಸಿಗಲಿಲ್ಲ ಎಂದಷ್ಟೇ.

"ಹಾಗಾದರೆ ಹಳೆಯದರಲ್ಲಿ ವಿಂಡೋಸ್ ಇತ್ತಲ್ಲ, ಅದರಿಂದಲಾದರೂ ಯಾಕೆ ಏಳಲಿಲ್ಲ?" ಎಂದು ಕೇಳಿದೆ. ಹೊಸ ಡಿಸ್ಕು ಹಚ್ಚಿದ ಕೂಡಲೇ ಬಯೋಸ್ ಅದನ್ನೇ ಪಟ್ಟಿಯ ಮೊದಲಿಗೆ ಹಾಕಿಕೊಂಡಿತ್ತು. ಹುಡುಗ ಡಿಲೀಟ್ ಕೀ ಒತ್ತಿ ಬಯೋಸಿನ ನೀಲಿ ಪರದೆಗೆ ಹೋಗಿ ಕ್ರಮ ಬದಲಿಸಿದ. ಹಳೆಯ ವಿಂಡೋಸ್ ಎದ್ದಿತು! ಟಿಕ್ ಟಿಕ್ ಎನ್ನುತ್ತಲೇ ಎದ್ದಿತು.

ಬಂಧುಗಳೇ, ನಾನು ನಿಲ್ಲಬೇಕಾಗಿದ್ದ ಜಾಗ ಇದು. ಹಳೆಯ ಡಿಸ್ಕು ಎದ್ದಿದೆ, ಆಯಿಯ ಪದಗಳ ಫೋಲ್ಡರ್ ಕಣ್ಣ ಮುಂದಿದೆ, ಜೇಬಿನಲ್ಲಿ ಪೆನ್ ಡ್ರೈವ್ ಇದೆ. ಹತ್ತು ನಿಮಿಷದ ಕೆಲಸ. ನಾನು ಮಾಡಲಿಲ್ಲ. "ಮೊದಲು ಹೊಸದರಲ್ಲಿ ವಿಂಡೋಸ್ ಹಾಕೋಣ, ಆಮೇಲೆ ಎಲ್ಲಾ ಒಮ್ಮೆಲೇ ಸಾಗಿಸೋಣ" ಅಂದೆ. ಆ ಹುಡುಗ, "ಸರ್, ಆಧೀ ಕಾಪೀ ಕರೂಯಾ" ಅಂದ, ಅಂದರೆ ಮೊದಲು ಕಾಪಿ ಮಾಡೋಣ ಅಂತ. ನಾನು ಹಿರಿಯ, ಅವನು ಕಿರಿಯ. ನನ್ನ ಮಾತೇ ನಡೆಯಿತು.

ಎಕ್ಸ್‌ಪಿಯ ಸಿಡಿ ಹಾಕಿದೆವು. ಎಲ್ಲಿ ಹಾಕಲಿ ಎಂದು ಕೇಳುವ ಪಟ್ಟಿ ಬಂತು. ಒಂದೇ ಡಿಸ್ಕಿನ ಹೆಸರು ಇತ್ತು. ಹೊಸದು ಇದೇ ಎಂದುಕೊಂಡು, ಇದ್ದ ಪಾರ್ಟಿಶನ್ ಅಳಿಸಲು ಡಿ ಒತ್ತಿದೆ. ಖಾತ್ರಿ ಮಾಡಲು ಎಲ್ ಒತ್ತಿ ಎಂದಿತು. ಬೆರಳು ಎಲ್ ಮೇಲೆ ಇತ್ತು.

"ಸರ್, ಥಾಂಬಾ!"

ಹುಡುಗ ನನ್ನ ಮುಂಗೈ ಹಿಡಿದಿದ್ದ. "ಗಾತ್ರ ನೋಡಿ" ಎಂದ. ಪರದೆಯಲ್ಲಿ ಇದ್ದದ್ದು 38 ಸಾವಿರ ಚಿಲ್ಲರೆ ಎಂಬಿ. 500 ಜಿಬಿಯ ಡಿಸ್ಕಿನ ಲೆಕ್ಕ ಲಕ್ಷಗಳಲ್ಲಿ ಇರಬೇಕು. ಅದು ಹಳೆಯ ಡಿಸ್ಕು! ಐದು ವರ್ಷದ ಟೈಪಿಂಗು, ನಾಲ್ಕು ನೂರು ಪದ, ಹದಿನಾಲ್ಕು ಹಾಡು ಒಂದು ಕೀಲಿಯ ಅಂತರದಲ್ಲಿದ್ದವು.

ಹಾಗಾದರೆ ಹೊಸದು ಎಲ್ಲಿ? ನಮ್ಮ ಸಿಡಿ 2001ರ ಮೂಲ ಎಕ್ಸ್‌ಪಿ. ಸಾಟಾ ನಿಯಂತ್ರಕದ ಡ್ರೈವರ್ ಅದರಲ್ಲಿರಲಿಲ್ಲ. ಹೊಸ ಡಿಸ್ಕು ಬಯೋಸಿಗೆ ಕಾಣುತ್ತಿತ್ತು, ಸಿಡಿಗೆ ಕಾಣುತ್ತಿರಲಿಲ್ಲ. ಕಂಡದ್ದು ಹಳೆಯದೊಂದೇ. ಇನ್‌ಸ್ಟಾಲ್ ಮಾಡುವಾಗ ಹಳೆಯ ಡಿಸ್ಕಿನ ತಂತಿ ಕಿತ್ತಿಡಬೇಕು ಎಂಬ ನಿಯಮವನ್ನು ಅಂದು ಕಲಿತೆ. ಇಂದಿನವರೆಗೂ ಮುರಿದಿಲ್ಲ.

ಹಳೆಯದರ ತಂತಿ ಕಿತ್ತೆವು. ಬಯೋಸಿನಲ್ಲಿ ಸಾಟಾವನ್ನು ಹಳೆಯ ಐಡಿಇ ರೀತಿಗೆ ತಿರುಗಿಸಿದೆವು. ಈಗ ಹೊಸದು ಕಂಡಿತು. ಆದರೆ 131 ಸಾವಿರ ಎಂಬಿ ಮಾತ್ರ! 500 ಜಿಬಿಗೆ ದುಡ್ಡು ಕೊಟ್ಟು 128 ತಂದೆನೇ ಎಂದು ಅಂಗಡಿಯವರನ್ನು ಮನಸ್ಸಿನಲ್ಲೇ ಬೈದೆ. ಅವರ ತಪ್ಪು ಏನೂ ಇರಲಿಲ್ಲ. ಮೂಲ ಎಕ್ಸ್‌ಪಿಗೆ ಅದಕ್ಕಿಂತ ಮುಂದೆ ಎಣಿಕೆಯೇ ಬರುವುದಿಲ್ಲ. 2002ರ ಸರ್ವಿಸ್ ಪ್ಯಾಕ್ 1ರಲ್ಲಿ ಅದನ್ನು ಸರಿಪಡಿಸಿದ್ದರು. ಹುಡುಗ ಮರುದಿನ ಕಾಲೇಜಿನಿಂದ ಹೊಸ ಸರ್ವಿಸ್ ಪ್ಯಾಕ್ ತಂದು ಹಾಕಿದ. ಎಲ್ಲಾ ಪಾರ್ಟಿಶನ್ ಕೂಡಿಸಿದರೂ 465 ಜಿಬಿಯೇ ಆಯಿತು. ಇದೂ ಮೋಸವಲ್ಲ. ಕಂಪನಿಯವರ ಜಿಬಿ ಅಂದರೆ ನೂರು ಕೋಟಿ ಬೈಟ್. ವಿಂಡೋಸಿನ ಜಿಬಿ ಅಂದರೆ 1024ನ್ನು ಮೂರು ಸಲ ಗುಣಿಸಿದಷ್ಟು, 107 ಕೋಟಿ ಚಿಲ್ಲರೆ. ಭಾಗಿಸಿ ನೋಡಿ, 465 ಬರುತ್ತದೆ. ಆ ವಾರ ಏಳನೇ ಇಯತ್ತೆಗೆ ಗಣಿತದಲ್ಲಿ ಇದನ್ನೇ ಕೊಟ್ಟೆ.

ಈಗ ಸಾಗಿಸುವ ಕೆಲಸ. ಹಳೆಯದನ್ನು ಮತ್ತೆ ಹಚ್ಚಿ, ಪ್ರಶ್ನಪತ್ರಿಕೆಗಳ ಫೋಲ್ಡರ್ ಹೊಸದಕ್ಕೆ ಕಾಪಿ ಮಾಡಿ, ಒಂದು ಕಡತ ತೆರೆದರೆ ಎದೆ ಧಸಕ್ಕೆಂದಿತು. ಕನ್ನಡವೇ ಇಲ್ಲ. ತಲೆಯ ಮೇಲೆ ಕೊಂಬು, ಚುಕ್ಕೆ, ಟೋಪಿ ಹೊತ್ತ ಇಂಗ್ಲಿಷ್ ಅಕ್ಷರಗಳ ಜಾತ್ರೆ. ಬಿಸಿಯಿಂದ ಡಿಸ್ಕು ಅಕ್ಷರ ಕೆಡಿಸಿತು ಎಂದೇ ತಿಳಿದೆ! ನೋಡಿ, ಒಮ್ಮೆ ಬಿಸಿಯ ಮೇಲೆ ಸಂಶಯ ಕೂತರೆ ಎಲ್ಲದಕ್ಕೂ ಅದೇ ಕಾರಣವಾಗಿ ಕಾಣುತ್ತದೆ. ಆಗಿದ್ದು ಇಷ್ಟೇ: ಹಳೆಯ ನುಡಿ ಫಾಂಟು ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿದ ಫಾಂಟು. ಹೊಸ ವಿಂಡೋಸಿನಲ್ಲಿ ಆ ಫಾಂಟು ಇರಲಿಲ್ಲ. ನುಡಿ ಹಾಕಿದ ಕೂಡಲೇ ಅಕ್ಷರ ತಿರುಗಿ ಬಂದವು. ಯೂನಿಕೋಡಿನಲ್ಲಿ ಬರೆದಿದ್ದರೆ ಈ ಗಾಬರಿಯೇ ಇರುತ್ತಿರಲಿಲ್ಲ, ಏಕೆಂದರೆ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಕನ್ನಡ ಫಾಂಟು ಆಗಲೇ ಇತ್ತು. ಹಳೆಯ ನುಡಿ, ಬರಹ ಕಡತಗಳು ನಿಮ್ಮ ಶಾಲೆಯಲ್ಲಿದ್ದರೆ ಇಂದೇ ಯೂನಿಕೋಡಿಗೆ ಬದಲಿಸಿ. ಡಿಸ್ಕು ಕೆಡದೆಯೂ ಅಕ್ಷರ ಕಳೆಯಬಹುದು.

ಪ್ರಶ್ನಪತ್ರಿಕೆ ಬಂದವು. ಪದಗಳ ಪಟ್ಟಿ ಬಂತು. ಕೊನೆಗೆ ಆಯಿಯ ಫೋಲ್ಡರ್.

ಒಂದು, ಎರಡು, ಮೂರು... ಒಂಬತ್ತು ಹಾಡು ಬಂದವು. ಹತ್ತನೆಯದರಲ್ಲಿ ಹಸಿರು ಪಟ್ಟಿ ನಿಂತಿತು. ಟಿಕ್ ಟಿಕ್ ಜೋರಾಯಿತು. "ಸೈಕ್ಲಿಕ್ ರಿಡಂಡನ್ಸಿ ಚೆಕ್" ಎಂಬ ಸಂದೇಶ ಬಂತು. ಡಿಸ್ಕಿನ ಮೇಲೆ ಬರೆಯುವಾಗ ಪ್ರತಿ ತುಣುಕಿನ ಜೊತೆಗೆ ಒಂದು ತಾಳೆ ಅಂಕಿ ಬರೆದಿರುತ್ತದೆ. ಓದುವಾಗ ತಾಳೆಯಾಗದಿದ್ದರೆ ಈ ಸಂದೇಶ. ಲೆಕ್ಕದ ಮೊತ್ತ ಹೊಂದುತ್ತಿಲ್ಲ ಎಂದ ಹಾಗೆ. ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಮೂರನೆಯ ಸಲಕ್ಕೆ ಬಯೋಸಿನ ಹಾಜರಿ ಪಟ್ಟಿಯಲ್ಲೇ ಹಳೆಯ ಡಿಸ್ಕಿನ ಹೆಸರು ಇರಲಿಲ್ಲ.

ಯಾರೋ ಫ್ರಿಜ್ಜಿನಲ್ಲಿ ಇಟ್ಟು ನೋಡಿ ಎಂದರು. ಆ ಕಾಲದಲ್ಲಿ ಎಲ್ಲರ ಬಾಯಲ್ಲೂ ಇದ್ದ ಮದ್ದು ಅದು. ಹುಡುಗ ಬೇಡ ಅಂದ. ತಣ್ಣನೆಯ ಡಿಸ್ಕು ಹೊರಗೆ ಬಂದ ಕೂಡಲೇ ಬೆವರುತ್ತದೆ, ಉಳಿದದ್ದೂ ಹೋಗುತ್ತದೆ. ಈ ಸಲ ಅವನ ಮಾತು ಕೇಳಿದೆ. ಆದರೆ ಕೇಳಬೇಕಾಗಿದ್ದ ಸಲ ಕೇಳಿರಲಿಲ್ಲ. ಆ ನಾಲ್ಕು ದಿನ ನಾನು ಹೊಸ ಡಿಸ್ಕಿನ ಬಿಸಿಯ ಚಿಂತೆಯಲ್ಲಿ ಹಳೆಯ ಡಿಸ್ಕನ್ನು ಎಷ್ಟು ಸಲ ಚಾಲೂ ಬಂದ್ ಮಾಡಿದ್ದೆನೋ ಲೆಕ್ಕವಿಲ್ಲ. ಸಾಯುತ್ತಿದ್ದುದು ಹೊಸದಲ್ಲ, ಹಳೆಯದು. ನಾನು ಆರೈಕೆ ಮಾಡಿದ್ದು ಹೊಸದರದು.

ಪರೀಕ್ಷೆ ಮುಗಿದ ಮೇಲೆ ಆಯಿಯ ಮೊಮ್ಮಗನ ಮನೆಗೆ ಹೋದೆ. ಸಿಡಿಯಲ್ಲಿ ಒಂಬತ್ತು ಹಾಡು ಹಾಕಿಕೊಂಡು ಹೋಗಿದ್ದೆ. ಐದು ನನ್ನ ಅವಸರದಿಂದ ಹೋದವು ಎಂದು ಅವನ ತಾಯಿಗೆ ಹೇಳಿದೆ. ಅವರು ಸೊಸೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಒಂಬತ್ತರ ಉಳದಾವಲ್ರಿ ಗುರೂಜಿ. ನಮ್ಮ ಮನ್ಯಾಗ ಅತ್ತಿ ದನಿ ಒಂದೂ ಇದ್ದಿಲ್ಲ" ಅಂದರು. ಬೈದಿದ್ದರೆ ಹಗುರ ಆಗುತ್ತಿತ್ತೇನೋ. ಕಳೆದ ಐದರಲ್ಲಿ ಎರಡು ಪದ ಅವರಿಗೆ ಬರುತ್ತಿದ್ದವು. ಅದೇ ಕಲ್ಲಿನ ಮುಂದೆ ಕೂತು ಹಾಡಿದರು. ಮೂರು ಹೋದವು, ಹೋದವೇ.

ಇರಲಿ. ಜತ್ತದ ಮಿತ್ರರಿಗೆ, ಇಂಥದೇ ಪರಿಸ್ಥಿತಿಯಲ್ಲಿರುವ ಎಲ್ಲರಿಗೂ ನನಗೆ ತಿಳಿದಷ್ಟು ಕ್ರಮವಾಗಿ ಹೇಳುತ್ತೇನೆ.

1. ಎಲ್ಲಕ್ಕಿಂತ ಮೊದಲು ಹಳೆಯ ಡಿಸ್ಕಿನಲ್ಲಿ ಒಂದೇ ಪ್ರತಿ ಇರುವುದನ್ನು ಹೊರಗೆ ತೆಗೆಯಿರಿ. ಮತ್ತೆ ಸಿಗದಂಥದು ಮೊದಲು, ದೊಡ್ಡದು ಆಮೇಲೆ. ಕಟ್ ಮಾಡಬೇಡಿ, ಕಾಪಿ ಮಾಡಿ.

2. ಬಿಸಿ ಎಷ್ಟೊತ್ತಿಗೆ ಬರುತ್ತದೆ ಎಂದು ಗಡಿಯಾರ ಹಿಡಿದು ನೋಡಿ. ಸೆಕೆಂಡುಗಳಲ್ಲಿ ಕಾದರೆ, ತಟ್ಟೆ ತಿರುಗದೆ ಕಾದರೆ, ಅಥವಾ ಸುಟ್ಟ ವಾಸನೆ ಬಂದರೆ ತಕ್ಷಣ ಕರೆಂಟು ತೆಗೆಯಿರಿ, ಮತ್ತೆ ಹಚ್ಚಬೇಡಿ. ಕರೆಂಟಿನ ಕನ್ವರ್ಟರ್ ತುಂಡು ಸಡಿಲಿದ್ದರೆ ಅದೇ ಸುಡಬಹುದು. ಹೊರಗಿನ ಡಿಸ್ಕಾದರೆ ಅದರದೇ ಅಡಾಪ್ಟರ್ ಬಳಸಿ. ಲ್ಯಾಪ್‌ಟಾಪಿನದು ತೂರುತ್ತದೆಂದು ಹಚ್ಚಿದರೆ 12 ವೋಲ್ಟಿನ ಜಾಗಕ್ಕೆ 19 ವೋಲ್ಟ್ ಹೋಗಬಹುದು.

3. ನಿಧಾನಕ್ಕೆ ಕಾದರೆ ಧೂಳು, ಫ್ಯಾನು, ಗೋಡೆ, ಬಟ್ಟೆ ನೋಡಿ. ಎರಡು ಡಿಸ್ಕಿನ ಮಧ್ಯೆ ಗಾಳಿಗೆ ಜಾಗ ಬಿಡಿ. ಕೈಯನ್ನು ನಂಬಬೇಡಿ, ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಉಚಿತ ತಂತ್ರಾಂಶ ಡಿಗ್ರಿಯನ್ನೇ ತೋರಿಸುತ್ತದೆ. 30ರಿಂದ 45 ಇದ್ದರೆ ನಿಶ್ಚಿಂತೆ. 50 ದಾಟಿದರೆ ಗಾಳಿಯ ದಾರಿ ಹುಡುಕಿ. ಹೆಚ್ಚಿನ ಡಿಸ್ಕುಗಳಿಗೆ ಕಂಪನಿ ಹೇಳುವ ಮಿತಿ 60. ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳನ್ನು ಗಮನಿಸಿ 2007ರಲ್ಲಿ ಬರೆದ ಪ್ರಬಂಧದಲ್ಲಿ, ಸಾಧಾರಣ ಬಿಸಿಗೂ ಡಿಸ್ಕು ಕೆಡುವುದಕ್ಕೂ ನಾವು ಅಂದುಕೊಂಡಷ್ಟು ಸಂಬಂಧ ಕಂಡಿರಲಿಲ್ಲ. ಆದ್ದರಿಂದ ಬೆಚ್ಚಗಿದ್ದರೆ ಹೆದರಬೇಡಿ. ತಣ್ಣಗಿದ್ದರೆ ಮೈಮರೆಯಲೂ ಬೇಡಿ.

4. ಹೊಸ ಡಿಸ್ಕು ಖಾಲಿ ಇರುತ್ತದೆ. ತಾನಾಗಿ ಚಾಲೂ ಆಗುವುದಿಲ್ಲ. ಬಯೋಸಿನಲ್ಲಿ ಹೆಸರು ಕಾಣುತ್ತದೆಯೇ ಎಂದು ಮೊದಲು ನೋಡಿ. ಕಂಡರೆ ಡಿಸ್ಕು ಬಹುತೇಕ ಬದುಕಿದೆ, ಕ್ರಮ ಸರಿಪಡಿಸಿ. ಕಾಣದಿದ್ದರೆ ಕೇಬಲ್ಲು ಬದಲಿಸಿ, ಬೇರೆ ತೂತಿಗೆ ಹಚ್ಚಿ, ಬೇರೆ ಕಂಪ್ಯೂಟರಿನಲ್ಲಿ ನೋಡಿ. ಆಮೇಲೆ ಅಂಗಡಿಗೆ ಹೋಗಿ.

5. ವಿಂಡೋಸ್ ಹಾಕುವಾಗ ಹಳೆಯ ಡಿಸ್ಕಿನ ತಂತಿ ಕಿತ್ತಿರಲಿ. ಅಳಿಸುವ ಮೊದಲು ಗಾತ್ರ ಓದಿ, ಗಟ್ಟಿಯಾಗಿ ಓದಿ.

6. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ನಾಲ್ಕು ಒಮ್ಮೆಲೇ ಮಾಡಿದರೆ ಯಾವುದರಿಂದ ಸರಿಹೋಯಿತು, ಯಾವುದರಿಂದ ಕೆಟ್ಟಿತು ಎಂದು ತಿಳಿಯುವುದಿಲ್ಲ.

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ ನಿಂತದ್ದು 2014ರ ಏಪ್ರಿಲಿನಲ್ಲಿ. ಈಗ ಬಯೋಸಿನ ಜಾಗಕ್ಕೆ ಯುಇಎಫ್‌ಐ ಬಂದಿದೆ, ತಿರುಗುವ ತಟ್ಟೆಯ ಬದಲು ಎಸ್‌ಎಸ್‌ಡಿ ಬಂದಿದೆ. ಅದರಲ್ಲಿ ಮೋಟಾರಿಲ್ಲ, ಆದರೆ ಎನ್‌ವಿಎಂಇ ಎಂಬ ಪಟ್ಟಿಯಂಥವು ಚೆನ್ನಾಗಿಯೇ ಕಾಯುತ್ತವೆ. ಯಂತ್ರ ಬದಲಾಗಿದೆ. ಹೊಸದು ಖಾಲಿ ಬರುತ್ತದೆ, ಹಳೆಯದು ಹೇಳದೆ ಹೋಗುತ್ತದೆ ಎಂಬ ಮಾತು ಮಾತ್ರ ಬದಲಾಗಿಲ್ಲ.

ಆ ಎಂಜಿನಿಯರಿಂಗ್ ಹುಡುಗ ಈಗ ಪುಣೆಯಲ್ಲಿದ್ದಾನೆ. ಫೋನ್ ಮಾಡಿದಾಗಲೆಲ್ಲ ಮರಾಠಿಯಲ್ಲಿ ಒಂದೇ ಪ್ರಶ್ನೆ: "ಸರ್, ಕಾಪಿ ಎಷ್ಟು ಕಡೆ ಇದೆ?" ಆಯಿಯ ಒಂಬತ್ತು ಪದ, ಸೊಸೆಯ ಎರಡು ಪದ ಈಗ ಶಾಲೆಯಲ್ಲಿ, ನನ್ನ ಮನೆಯಲ್ಲಿ, ಇಚಲಕರಂಜಿಯ ಆ ಮೋಟಾರಿನವನ ಮನೆಯಲ್ಲಿ, ಎಷ್ಟೋ ಮಕ್ಕಳ ಮೊಬೈಲಿನಲ್ಲಿ ಇವೆ. ನಮ್ಮ ಗಡಿಯ ಮಾತು ಎರಡೂ ಕಡೆಯ ಪುಸ್ತಕಗಳಲ್ಲಿ ಸಿಗುವುದು ಕಡಿಮೆ. ಅದು ಇರುವುದು ಇಂಥ ಫೋಲ್ಡರುಗಳಲ್ಲಿ.

ಇದನ್ನು ಓದಿ ಮುಗಿಸಿದ ಮೇಲೆ ಬೇರೆ ಏನೂ ಮಾಡಬೇಡಿ. ನಿಮ್ಮ ಶಾಲೆಯ ಕಂಪ್ಯೂಟರಿನಲ್ಲಿ ಮತ್ತೆ ಸಿಗದಂಥ ಒಂದು ಫೋಲ್ಡರ್ ಯಾವುದು ಎಂದು ನೆನಪಿಸಿಕೊಳ್ಳಿ. ನಾಳೆ ಪ್ರಾರ್ಥನೆಗೆ ಮೊದಲು ಅದನ್ನು ಪೆನ್ ಡ್ರೈವಿಗೆ ಹಾಕಿ ಮನೆಗೆ ಒಯ್ಯಿರಿ. ಜತ್ತದ ಮಿತ್ರರು ನಿನ್ನೆ ರಾತ್ರಿ ಫೋನ್ ಮಾಡಿದ್ದರು. ಹಳೆಯದರಿಂದ ಎಲ್ಲಾ ತೆಗೆದುಕೊಂಡರಂತೆ. ಹೊಸದು ಇನ್ನೂ ಚಾಲೂ ಆಗಿಲ್ಲವಂತೆ. "ಆಗತೈತಿ ಬಿಡ್ರಿ, ಇನ್ನ ಅವಸರ ಇಲ್ಲ" ಅಂದೆ.